ಒಂಬತ್ತು ಬಾಟಲಿ ಇನ್ಸುಲಿನ್

ನೀರು ಹೆಪ್ಪುಗಟ್ಟಿ ಕರಗಿದರೆ ಮತ್ತೆ ನೀರೇ ತಾನೆ? ಹಾಲೂ ಅಷ್ಟೆ. ಸ್ವಲ್ಪ ತರಿತರಿಯಾದೀತು, ಕಾಯಿಸಿದರೆ ಸರಿಹೋಗುತ್ತದೆ. ಹಾಗಾದರೆ ಇದಕ್ಕೇನು ದಾಡಿ? ಆದರೆ ಮೊಟ್ಟೆ ಸರಿಹೋಗುವುದಿಲ್ಲ. ಟೊಮೆಟೊ ಸರಿಹೋಗುವುದಿಲ್ಲ. ಇದು ಯಾವ ಜಾತಿಯದು, ಹಾಲಿನದೋ, ಮೊಟ್ಟೆಯದೋ?

ಬೆಳಿಗ್ಗೆ ಆರೂವರೆಗೆ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದ ಮೆಕ್ಯಾನಿಕ್ಕನ ಕೈಯಲ್ಲಿ ಇನ್ಸುಲಿನ್ನಿನ ರಟ್ಟಿನ ಡಬ್ಬಿಯಿತ್ತು. ಅದರ ಬೆನ್ನು ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಎಳೆದಾಗ ಪರ್ರೆಂದು ಕಿತ್ತುಬಂತು. ಒಳಗಿನ ಒಂಬತ್ತು ಗಾಜಿನ ಬಾಟಲಿಗಳೂ ಕಲ್ಲಾಗಿದ್ದವು. ಹತ್ತನೆಯದು, ಭಾವ ಈಗ ಚುಚ್ಚಿಕೊಳ್ಳುತ್ತಿದ್ದದ್ದು, ಬಾಗಿಲಿನ ಗೂಡಿನಲ್ಲಿದ್ದುದರಿಂದ ಉಳಿದುಕೊಂಡಿತ್ತು. ಅದರಲ್ಲಿ ಇನ್ನು ಆರು ದಿನಕ್ಕಾಗುವಷ್ಟು ಇದ್ದೀತು.

ಫ್ರಿಜ್ಜಿನ ತಂಪಿನ ಗುಂಡಿಯನ್ನು ಏಳಕ್ಕೆ ತಿರುಗಿಸಿಟ್ಟವನು ಮೆಕ್ಯಾನಿಕ್ಕನೇ. ಹಿಂದಿನ ದಿನ ಮಧ್ಯಾಹ್ನ ಕರೆಂಟು ಮೂರು ಸಲ ಕೈಕೊಟ್ಟಿತ್ತು. ಔಷಧಿ ಬಿಸಿಯಾಗಿ ಕೆಟ್ಟರೆ ಗತಿಯೇನೆಂದು, ಕರೆಂಟು ಇರುವಷ್ಟು ಹೊತ್ತು ಚೆನ್ನಾಗಿ ತಣ್ಣಗಾಗಿರಲಿ ಎಂದು, ಕೊನೆಯ ಅಂಕೆಗೆ ತಿರುಗಿಸಿ ಮಲಗಿದ್ದ. ಅವನ ಕಸುಬಿನಲ್ಲಿ ಬಿಸಿಯೊಂದೇ ಶತ್ರು. ಇಷ್ಟು ವರ್ಷಗಳಲ್ಲಿ ಫ್ರಿಜ್ಜು ತಣ್ಣಗಾಗುತ್ತಿಲ್ಲವೆಂದು ಬೈದ ಗಿರಾಕಿಗಳು ನೂರಾರು. ಜಾಸ್ತಿ ತಣ್ಣಗಾಗುತ್ತಿದೆ ಎಂದು ಒಬ್ಬನೂ ಕೊರಳಪಟ್ಟಿ ಹಿಡಿದಿರಲಿಲ್ಲ.

ಡಬ್ಬಿಯ ಬದಿಯಲ್ಲಿ ಇರುವೆಗಾತ್ರದ ಅಕ್ಷರಗಳಲ್ಲಿ, ಹೆಪ್ಪುಗಟ್ಟಿದ ಔಷಧಿಯನ್ನು ಬಳಸಬಾರದು ಎಂದಿತ್ತು. ಕಂಪನಿಯವರು ಏನು ಬೇಕಾದರೂ ಬರೆಯುತ್ತಾರೆ. ಫ್ರಿಜ್ಜಿನ ಪುಸ್ತಕದಲ್ಲೂ ಗೋಡೆಯಿಂದ ಒಂದಡಿ ದೂರವಿಡಿ ಎಂದಿರುತ್ತದೆ. ಯಾರ ಅಡುಗೆಮನೆಯಲ್ಲಿ ಒಂದಡಿ ಜಾಗ ಬಿದ್ದಿರುತ್ತದೆ?

ಒಳಗಿನಿಂದ ಭಾವ ಕೆಮ್ಮಿದ. "ಏನೋ ಗ್ಯಾಸು, ಫ್ರಿಜ್ಜಿನ ಬಾಗ್ಲು ತೆಕ್ಕೊಂಡು ತಪಸ್ಸು ಮಾಡ್ತಿದೀಯಾ?"

ಅವನು ಡಬ್ಬಿಯನ್ನು ನಡುವಿನ ಗೂಡಿಗೆ ಇಳಿಸಿ, ಗುಂಡಿಯನ್ನು ಮೂರಕ್ಕೆ ತಿರುಗಿಸಿ, ಬಾಗಿಲು ಹಾಕಿದ.

ಭಾವ ಅಂದರೆ ಅಕ್ಕನ ಗಂಡ. ಮೆಕ್ಯಾನಿಕ್ಕನ ಬಾಯಲ್ಲಿ ಯಾವಾಗಲೂ 'ನೀವು', ಮನಸ್ಸಿನಲ್ಲಿ ಯಾವಾಗಲೂ 'ಅವನು'. ಅಪ್ಪ ಅಮ್ಮ ಹೋದ ಮೇಲೆ ಹದಿನಾಲ್ಕನೇ ವರ್ಷಕ್ಕೆ ಒಂದು ಚೀಲ ಹಿಡಿದು ಈ ಮನೆಗೆ ಬಂದವನು ಮೆಕ್ಯಾನಿಕ್. ಭಾವ ಊಟ ಹಾಕಿದ. ತುತ್ತಿಗೊಂದರಂತೆ ಚುಚ್ಚುಮಾತನ್ನೂ ನಂಚಿಕೊಳ್ಳಲು ಕೊಟ್ಟ. ಶಾಲೆ ಬಿಟ್ಟಾಗ, ಕೆಲಸ ಕಲಿತಾಗ, ಮೊದಲ ಸಂಬಳ ತಂದಾಗ, ಎಲ್ಲದಕ್ಕೂ ಒಂದೊಂದು ಮಾತು ಸಿದ್ಧವಿರುತ್ತಿತ್ತು. 'ಗ್ಯಾಸು' ಭಾವನೇ ಇಟ್ಟ ಹೆಸರು. "ಫ್ರಿಜ್ಜಿಗೂ ಅದನ್ನೇ ತುಂಬ್ತಾನೆ, ತಲೆಯಲ್ಲೂ ಅದೇ ತುಂಬಿದೆ" ಎಂದು ಬಂದವರೆದುರೆಲ್ಲ ಹೇಳಿ ನಗುತ್ತಿದ್ದ. ಒಂದರ ಮೈಗೆ ಇನ್ನೊಂದರ ಕಂಪ್ರೆಸರ್, ಮತ್ತೊಂದರ ಬಾಗಿಲು ಜೋಡಿಸಿ ಮೆಕ್ಯಾನಿಕ್ ತಾನೇ ಕಟ್ಟಿದ ಈ ಫ್ರಿಜ್ಜಿಗೆ ಭಾವ ಕೊಟ್ಟ ಹೆಸರು 'ಬೆರಕೆ ಪೆಟ್ಟಿಗೆ'.

ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿದ್ದಷ್ಟು ದಿನ ಭಾವನಿಗೆ ಕಂಪನಿಯ ಇನ್ಶೂರೆನ್ಸಿನಲ್ಲಿ, ಒತ್ತಿದರೆ ತಾನೇ ಔಷಧಿ ಚುಚ್ಚುವ ಇನ್ಸುಲಿನ್ ಪೆನ್ನು ಬರುತ್ತಿತ್ತು. ಗೋದಾಮು ಬಾಗಿಲು ಹಾಕಿದ ತಿಂಗಳೇ ಇನ್ಶೂರೆನ್ಸೂ ಬಾಗಿಲು ಹಾಕಿತು. ಹೊಸದಾಗಿ ಮಾಡಿಸುತ್ತೇವೆಂದು ಬಂದ ಏಜೆಂಟರು ಕಾಯಿಲೆಯ ಹೆಸರು ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡರು. ಮೆಡಿಕಲ್ ಶಾಪುಗಳನ್ನು ಸುತ್ತಿದವನು ಮೆಕ್ಯಾನಿಕ್. ನಾಲ್ಕು ಅಂಗಡಿಗಳಲ್ಲಿ ಪೆನ್ನಿಗೆ ಒಂದೇ ಬೆಲೆ, ಒಂದೇ ರಾಗ. ಐದನೆಯ ಅಂಗಡಿಯ ಮುದುಕ ಮಾತ್ರ ಕನ್ನಡಕ ಮೇಲೇರಿಸಿ, "ಹಳೇ ನಮೂನೆ ಬಾಟ್ಲಿಯಲ್ಲಿ ಬರುತ್ತಪ್ಪ, ಸಿರಿಂಜಲ್ಲಿ ಎಳ್ಕೋಬೇಕು. ಕಾಲುಭಾಗ ಬೆಲೆ. ಲಾಭ ಇಲ್ಲ ಅಂತ ನಾವು ಇಡಲ್ಲ. ಸ್ಟಾಕಿಸ್ಟ್ ಹತ್ರ ಹೋಗು. ಡಬ್ಬಿಗಟ್ಟಲೆ ಮಾತ್ರ ಕೊಡ್ತಾರೆ" ಎಂದ.

ಸ್ಟಾಕಿಸ್ಟ್ ಒಬ್ಬ ಹೆಂಗಸು. ಆಕೆಯ ಮಾತಿಗಿಂತ ಮೊದಲು ಅವನ ಕಿವಿಗೆ ಬಿದ್ದದ್ದು ಆಕೆಯ ಕೋಲ್ಡ್ ರೂಮಿನ ನರಳಾಟ.

"ಮೇಡಂ, ನಿಮ್ಮ ಕಂಪ್ರೆಸರ್ ಇನ್ನು ಹದಿನೈದು ದಿನ."

"ನೀನೇನು ಜ್ಯೋತಿಷಿಯಾ?"

"ಮೆಕ್ಯಾನಿಕ್."

ಅದನ್ನು ಸರಿಮಾಡಲು ಎರಡು ಭಾನುವಾರ ದುಡಿದದ್ದಕ್ಕೆ ಕೂಲಿಯಾಗಿ ಹತ್ತು ಬಾಟಲಿಗಳ ಒಂದು ಡಬ್ಬಿ. ಡಾಕ್ಟರು ಅಳತೆ ಬದಲಿಸಿ ಚೀಟಿ ಬರೆದುಕೊಟ್ಟರು. ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟಾಗ ಭಾವ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ಸಿರಿಂಜಲ್ಲಿ ಎಳ್ಕೊಂಡು ಚುಚ್ಕೋಬೇಕಾ? ದನಕ್ಕೆ ಚುಚ್ಚೋ ಹಾಗೆ?"

"ಬೇಡ ಅಂದ್ರೆ ಪೆನ್ನೇ ತರಿಸ್ಕೊಳ್ಳಿ ಭಾವ. ಯಾರು ಬೇಡ ಅಂದ್ರು?"

ಭಾವ ಡಬ್ಬಿಯನ್ನು ಮೇಜಿನ ಮೇಲೆ ಮರಳಿ ಇಟ್ಟ. ಇಪ್ಪತ್ತೆರಡು ವರ್ಷಗಳಲ್ಲಿ ಆ ಮನೆಯಲ್ಲಿ ಕೊನೆಯ ಮಾತು ಮೆಕ್ಯಾನಿಕ್ಕನದಾದದ್ದು ಅದೇ ಮೊದಲು. ಅದರ ರುಚಿ ನಾಲ್ಕಾರು ದಿನ ಬಾಯಲ್ಲೇ ಉಳಿದಿತ್ತು.

ಬಾಟಲಿಗಳು ಕಲ್ಲಾದ ದಿನ ಮಧ್ಯಾಹ್ನ, ಯಾರದೋ ಮನೆಯ ಫ್ರಿಜ್ಜನ್ನು ಮಗುಚಿ ಹಾಕಿಕೊಂಡು ಕೂತಿದ್ದವನು ಸ್ಟಾಕಿಸ್ಟಿಗೆ ಫೋನು ಮಾಡಿದ.

"ನಮ್ಮ ಗಿರಾಕಿ ಒಬ್ರದು ಮೇಡಂ. ಇನ್ಸುಲಿನ್ ಗಟ್ಟಿಯಾಗಿ ಹೋಗಿತ್ತಂತೆ. ಈಗ ಕರಗಿದೆ. ನೋಡೋಕೆ ಮೊದಲಿನ ಹಾಗೇ ಇದೆ."

"ಎಸೀಬೇಕು."

"ಪೂರ್ತಿ ಕೆಟ್ಟಿರುತ್ತಾ? ಅರ್ಧಂಬರ್ಧ ಏನಾದ್ರೂ..."

"ಅರ್ಧ ಸತ್ತ ಎತ್ತಿಂದ ಉಳುಮೆ ಮಾಡ್ತಾರಾ? ಎಸಿ ಅಂತ ಹೇಳು." ಮತ್ತೆ ಕೇಳಿದಳು. "ಗಿರಾಕಿದಾ, ನಿಂದಾ?"

"ಗಿರಾಕಿದು. ಮತ್ತೆ, ಮೇಡಂ, ಬೇರೇನಾದ್ರೂ ಕೆಲಸ ಇದ್ರೆ ಇನ್ನೊಂದು ಡಬ್ಬಿಗೆ..."

"ನೀನು ಸರಿಯಾಗೇ ರಿಪೇರಿ ಮಾಡಿದೀಯಲ್ಲಪ್ಪ. ಇನ್ನು ಒಂದು ವರ್ಷ ನಿನ್ನ ಮುಖ ನೋಡೋ ಅಗತ್ಯ ಇಲ್ಲ." ನಗುತ್ತಾ ಇಟ್ಟುಬಿಟ್ಟಳು.

ದುಡ್ಡು ಕೊಟ್ಟು ಇನ್ನೊಂದು ಡಬ್ಬಿ ತರಬೇಕೆಂದರೆ ಅವನಿಗೆ ಎರಡು ತಿಂಗಳಲ್ಲಿ ಮಿಗುವಷ್ಟು ದುಡ್ಡು. ಉಳಿದದ್ದು ದೊಡ್ಡಾಸ್ಪತ್ರೆ. ಅಲ್ಲಿ ಪುಕ್ಕಟೆ ಕೊಡುತ್ತಾರೆಂದು ಕೇಳಿದ್ದ. ಮರುದಿನ ಹೋಗಿ ವಿಚಾರಿಸಿದ. ರೋಗಿಯೇ ಬಂದು ಹೆಸರು ಬರೆಸಬೇಕು, ಇನ್ಶೂರೆನ್ಸ್ ಇಲ್ಲವೆಂದು ಸಹಿ ಮಾಡಿಕೊಡಬೇಕು. ಫಾರಂ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದು, ಊಟದ ಹೊತ್ತಿಗೆ ಮೇಜಿನ ಮೇಲಿಟ್ಟ.

"ನಾಳೆ ಹೋಗೋಣ ಭಾವ. ಒಂದು ಸಲ ಹೆಸರು ಬರೆಸಿದ್ರೆ ಆಯ್ತು."

"ಯಾಕೆ? ಫ್ರಿಜ್ಜಲ್ಲಿ ಒಂಬತ್ತು ಬಾಟ್ಲಿ ಇದೆಯಲ್ಲೋ."

"ಮುಂದಕ್ಕೆ ಬೇಕಾಗುತ್ತಲ್ಲ."

"ಮುಂದಕ್ಕೆ! ಮೂರು ತಿಂಗಳಿಗಾಗೋಷ್ಟಿದೆ, ಈಗ್ಲೇ ಕೈ ತೊಳ್ಕೊಳ್ಳೋ ಆತುರಾನಾ?" ಭಾವ ಒಲೆಯ ಕಡೆ ತಿರುಗಿದ. "ಕೇಳಿದ್ಯೇನೇ? ನಿನ್ನ ತಮ್ಮ ನನ್ನನ್ನ ಧರ್ಮದ ಔಷಧಿಗೆ ಕ್ಯೂ ನಿಲ್ಲಿಸ್ತಾನಂತೆ. ನಲವತ್ತು ಜನ ನನ್ನೆದುರು ಕೈಕಟ್ಟಿ ನಿಲ್ತಿದ್ರು ಕಣೋ!"

"ನಿಲ್ತಿದ್ರು. ಈಗ ಅವರೂ ಇಲ್ಲ, ಗೋದಾಮೂ ಇಲ್ಲ."

"ಸಾಕು ಸುಮ್ನಿರಿ ಇಬ್ರೂ" ಎಂದಳು ಅಕ್ಕ. "ತಟ್ಟೆ ಮುಂದೆ ಕೂತು ಏನು ಜಗಳ ಇದು."

"ಎರಡು ಭಾನುವಾರ ದುಡಿದಿದ್ದಕ್ಕೆ ಇಷ್ಟು ಎದೆ ಉಬ್ಬಿಸ್ತಾನೆ. ಇಷ್ಟು ವರ್ಷ ಸಾಕಿದೀನಿ, ಒಂದು ದಿನ ಇವನನ್ನ ಯಾರ ಮನೆ ಮುಂದಾದ್ರೂ ಕ್ಯೂ ನಿಲ್ಲಿಸಿದ್ನಾ?"

"ನಿಲ್ಲಿಸಿದ್ರೆ ಒಳ್ಳೇದಿತ್ತು ಭಾವ. ಅವರು ಬಾಯಿ ಮುಚ್ಕೊಂಡಾದ್ರೂ ಅನ್ನ ಹಾಕ್ತಿದ್ರು."

ಅಕ್ಕನ ಕೈಯ ಸೌಟು ಪಾತ್ರೆಯ ಅಂಚಿಗೆ ತಗುಲಿ ನಿಂತಿತು. ಭಾವ ಫಾರಮ್ಮನ್ನು ನಾಲ್ಕು ಚೂರು ಮಾಡಿ ತಟ್ಟೆಯ ಪಕ್ಕದಲ್ಲಿಟ್ಟ, ಹರಿದದ್ದು ಎಲ್ಲರಿಗೂ ಕಾಣುವ ಹಾಗೆ.

ಆಗ ಹೇಳಬಹುದಿತ್ತು. ಬಾಟಲಿ ಕೆಟ್ಟಿವೆ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಮಾತು ಗಂಟಲವರೆಗೂ ಬಂತು. ಆದರೆ ಅದರ ಬೆನ್ನಿಗೇ ಭಾವನ ನಗುವೂ ಕೇಳಿಸಿತು: ಮೊದಲು ಮೂಗಿನಲ್ಲಿ ಹೊರಡುವ ಆ ನಗು. ಊರಿಗೆಲ್ಲ ಫ್ರಿಜ್ಜು ರಿಪೇರಿ ಮಾಡೋನು, ಮನೆಯಲ್ಲಿ ಔಷಧಿಯನ್ನ ಐಸ್‌ಕ್ಯಾಂಡಿ ಮಾಡಿಟ್ಟ! ಅದನ್ನು ಬಂದವರೆದುರು, ಹೋದವರೆದುರು, ಸಾಯುವವರೆಗೂ ಹೇಳುತ್ತಾನೆ. ಮೆಕ್ಯಾನಿಕ್ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ನಡೆದ. ತಾನು ಹೆದರಿದ್ದು ಭಾವನ ಸಾವಿಗಲ್ಲ, ಭಾವನ ನಗುವಿಗೆ ಎಂಬುದು ಕೈ ತೊಳೆಯುವಾಗ ಹೊಳೆಯಿತು. ಹೊಳೆದದ್ದರಿಂದ ಏನೂ ಬದಲಾಗಲಿಲ್ಲ.

ಏಳನೆಯ ದಿನ ಭಾವ ಒಂಬತ್ತರಲ್ಲಿ ಮೊದಲನೆಯದನ್ನು ತೆರೆದ. ಎರಡೂ ಅಂಗೈಗಳ ನಡುವೆ ಹೊರಳಾಡಿಸಿ, ಬೆಳಕಿಗೆ ಹಿಡಿದ. ಈ ನಮೂನೆಯ ಔಷಧಿ ಹುಟ್ಟಾ ಹಾಲಿನ ಬಣ್ಣದ್ದು. ಕೆಟ್ಟದ್ದು ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ.

"ಇದೇನೋ, ತಳದಲ್ಲಿ ಪುಡಿ ಪುಡಿ?"

"ಚೆನ್ನಾಗಿ ಉಜ್ಜಿ. ಕರಗುತ್ತೆ."

ಭಾವ ಇನ್ನಷ್ಟು ಉಜ್ಜಿ, ಹೊಟ್ಟೆಯ ಮಡಿಕೆ ಹಿಡಿದು ಚುಚ್ಚಿಕೊಂಡ.

ಸಕ್ಕರೆ ಅಳೆಯುವ ಯಂತ್ರ ಮೊದಲ ವಾರ ಇನ್ನೂರರ ಮೇಲೆ ತೋರಿಸಿತು. ಎರಡನೆಯ ವಾರ ಮುನ್ನೂರು. ಡಾಕ್ಟರ ಚೀಟಿಯಲ್ಲಿ ಬರೆದ ಹಾಗೆ ಭಾವ ಸಿರಿಂಜಿನಲ್ಲಿ ಎರಡೆರಡು ಗೆರೆ ಹೆಚ್ಚಿಸುತ್ತಾ ಹೋದ. ಒಂದು ದಿನ ಸ್ವಲ್ಪ ಇಳಿಯುವುದು, ಮರುದಿನ ಮತ್ತೆ ಏರುವುದು. ಬಾಯಾರಿಕೆ, ಬಚ್ಚಲಿಗೆ ಓಡಾಟ, ಅದಕ್ಕೆ ತಕ್ಕ ಸಿಡುಕು. ಸಿಡುಕು ಬಿದ್ದದ್ದು ಅಕ್ಕನ ಮೇಲೆ.

"ಟೀಗೆ ಏನು ಹಾಕ್ತಿದೀಯ? ನಿಜ ಹೇಳು."

"ಏನೂ ಹಾಕ್ತಿಲ್ಲರೀ."

"ಏನೂ ಹಾಕ್ದೆ ಮುನ್ನೂರಾಗುತ್ತಾ? ನನ್ನನ್ನ ಬೇಗ ಸಾಗಹಾಕಿ ತಮ್ಮನ ಜೊತೆ ಹಾಯಾಗಿರೋಣ ಅಂತಾನಾ?"

ಅಕ್ಕ ಸಕ್ಕರೆ ಡಬ್ಬಿಯನ್ನು ತಂದು ಗಂಡನ ಎದುರಿಗೆ ಕುಕ್ಕಿ, ಮುಚ್ಚಳ ತೆಗೆದು ಬಚ್ಚಲಿಗೆ ಸುರಿದುಬಿಟ್ಟಳು. ಅವಳ ಕಿವಿಯ ತುದಿ ಕೆಂಪಾಗಿತ್ತು. ಅದನ್ನು ನೋಡಲಾಗದೆ ಮೆಕ್ಯಾನಿಕ್ ಬಾಯಿ ತೆರೆದ. ನಿಜ ಹೇಳಲೆಂದೇ ತೆರೆದದ್ದು. ಬಂದದ್ದು ಬೇರೆ.

"ಅಕ್ಕನ್ನ ಯಾಕೆ ಬೈತೀರಿ? ನೀವೇ ಹೊರಗಡೆ ಕದ್ದು ತಿಂತಿರ್ಬೇಕು. ಬೀದಿ ಕೊನೆ ಬೇಕರಿ ಮುಂದೆ ನಿಂತಿದ್ದನ್ನ ನೋಡಿದೋರಿದ್ದಾರೆ."

ನೋಡಿದವರು ಯಾರೂ ಇರಲಿಲ್ಲ. ಆದರೆ ಭಾವ ತಿರುಗಿ ಬೈಯಲಿಲ್ಲ. ಅವನ ಮುಖ ಒಮ್ಮೆಗೇ ಇಳಿಯಿತು, ಗೋದಾಮಿನ ಕೀಲಿ ಒಪ್ಪಿಸಿ ಬಂದ ದಿನ ಇಳಿದ ಹಾಗೆ. ಅಕ್ಕ ಗಂಡನ ಮುಖ ನೋಡಿದಳು, ನಂಬಿಬಿಟ್ಟಳು.

ಅಂದಿನಿಂದ ಭಾವ ಪ್ರತಿ ತುತ್ತನ್ನೂ ಇಬ್ಬರೆದುರಿಗೇ ಉಂಡ. ಅರ್ಧ ಊಟ, ಆಮೇಲೆ ಅದರಲ್ಲೂ ಅರ್ಧ. "ನೋಡ್ಕೋ ಗ್ಯಾಸು, ಲೆಕ್ಕ ಇಟ್ಕೋ" ಎಂದು ತಟ್ಟೆಯನ್ನು ಅವನ ಕಡೆ ತಳ್ಳುತ್ತಿದ್ದ. ಹೊರಗೆ ಹೋಗುವುದನ್ನೇ ಬಿಟ್ಟ. ಶರ್ಟಿನೊಳಗೆ ಭುಜ ಸಣ್ಣದಾಯಿತು. ಯಂತ್ರ ಮಾತ್ರ ಮುನ್ನೂರ ಐವತ್ತು ಎಂದಿತು. ಮೆಕ್ಯಾನಿಕ್ ಸಂಜೆಯ ಕೆಲಸಗಳನ್ನು ಒಪ್ಪಿಕೊಂಡು ತಡವಾಗಿ ಬರತೊಡಗಿದ. ಹೊಸ ಡಬ್ಬಿಗೆ ದುಡ್ಡು ಸಾಕಾದ ಕೂಡಲೇ ತಂದು, ಯಾರಿಗೂ ಗೊತ್ತಾಗದಂತೆ ಬದಲಿಸಿಟ್ಟರಾಯಿತು ಎಂಬುದು ಅವನ ಯೋಚನೆ. ಇನ್ನು ಹತ್ತು ದಿನ ಸಿಕ್ಕಿದ್ದರೆ ಹಾಗೇ ಮಾಡುತ್ತಿದ್ದ.

ಅಷ್ಟರಲ್ಲಿ ಭಾವನ ಬಲಗಾಲಿನ ಹೆಬ್ಬೆರಳಿಗೆ ಕುರ್ಚಿಯ ಕಾಲು ತಗುಲಿ ಆದ ತರಚು ಕಪ್ಪಾಯಿತು. ಜ್ವರ ಬಂತು. ಒಂದು ಬೆಳಿಗ್ಗೆ ಭಾವ ಅಕ್ಕನನ್ನು ಗುರುತಿಸದೆ ಗೋದಾಮಿನ ಯಾರದೋ ಹೆಸರು ಹಿಡಿದು ಬೈಯತೊಡಗಿದಾಗ, ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೇ ಹೋದರು. ಕ್ಯೂ ನಿಲ್ಲಿಸಲಿಲ್ಲ, ನೇರ ಒಳಗೆ ಒಯ್ದರು. ಮೂರನೆಯ ದಿನ ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆದರು.

ಮತ್ತೆರಡು ದಿನಕ್ಕೆ ಭಾವನ ಮಾತು ಸರಿಯಾಯಿತು. ವಾರ್ಡಿನ ಡಾಕ್ಟರಮ್ಮ ಹಾಸಿಗೆಯ ತುದಿಗೆ ತೂಗುಹಾಕಿದ್ದ ಹಾಳೆಗಳನ್ನು ತಿರುವಿಹಾಕಿದಳು.

"ಇಷ್ಟು ಇನ್ಸುಲಿನ್ ತಗೊಂಡೂ ಸಕ್ಕರೆ ಹೀಗೆ ಏರಬಾರದಿತ್ತು. ಮನೇಲಿ ಎಲ್ಲಿ ಇಡ್ತಿದ್ರಿ? ಬಿಸಿಲಿಗೆ ಬಿದ್ದಿತ್ತಾ, ಇಲ್ಲ ಹೆಪ್ಪುಗಟ್ಟಿತ್ತಾ?"

ಮೆಕ್ಯಾನಿಕ್ ಹಾಸಿಗೆಯ ಕಬ್ಬಿಣದ ಸರಳು ಹಿಡಿದು ನಿಂತಿದ್ದ. ಪ್ರಶ್ನೆ ಅವನ ಕಡೆಗೇ ಬಂದಿತ್ತು. ಉತ್ತರ ಹಾಸಿಗೆಯಿಂದ ಬಂತು.

"ಆ ವಿಷಯ ಬಿಡಿ ಡಾಕ್ಟ್ರೇ. ಇವನು ಫ್ರಿಜ್ ಮೆಕ್ಯಾನಿಕ್, ನನ್ನ ಹೆಂಡತಿ ತಮ್ಮ. ಬಾಯಿ ಸರಿಯಿಲ್ಲ ಇವನದು, ಕೈ ಸರಿಯಿದೆ. ಅದರಲ್ಲಿ ಎರಡು ಮಾತಿಲ್ಲ." ಭಾವ ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡ. "ನಾನೇ ಎರಡು ಸಲ ಬಿಸ್ಕತ್ತು ತಿಂದಿದ್ದೆ. ಇವನಿಗೆ ಹೆಂಗೋ ಗೊತ್ತಾಗಿಹೋಗಿತ್ತು."

"ಎರಡು ಬಿಸ್ಕತ್ತಿಗೆ ಕಾಲಿನ ಬೆರಳು ಹೋಗಲ್ಲ ಯಜಮಾನ್ರೇ" ಎಂದು ಡಾಕ್ಟರಮ್ಮ ಮೆಕ್ಯಾನಿಕ್ಕನ ಮುಖವನ್ನೊಮ್ಮೆ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಆಕೆ ಹಾಳೆಯಲ್ಲಿ 'ಪಥ್ಯ ಪಾಲಿಸಿಲ್ಲ' ಎಂದು ಬರೆದು ಮುಂದಿನ ಹಾಸಿಗೆಗೆ ಹೋದಳು.

"ನಿಂತ್ಕೊಂಡು ಏನು ನೋಡ್ತೀಯೋ?" ಎಂದ ಭಾವ. "ರೋಗಿ ಇಲ್ಲೇ ಬಿದ್ದಿದೀನಲ್ಲ, ಹೋಗಿ ನನ್ನ ಹೆಸರು ಬರೆಸು. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."

ಅವನು ಹೋಗಿ ಕ್ಯೂನಲ್ಲಿ ನಿಂತ. ಒಂದೂವರೆ ಗಂಟೆ ನಿಂತು, ಹೆಸರು ಬರೆಸಿ, ಎರಡು ಬಾಟಲಿ ಪುಕ್ಕಟೆ ತಂದ. ಮನೆಯ ಫ್ರಿಜ್ಜಿನಲ್ಲಿ ಉಳಿದಿದ್ದ ಹಳೆಯ ಬಾಟಲಿಗಳನ್ನು ಕಾಗದದಲ್ಲಿ ಸುತ್ತಿ ಬೀದಿಯ ಕಸದ ತೊಟ್ಟಿಗೆ ಹಾಕುವುದನ್ನು ಅಕ್ಕ ಕಿಟಕಿಯಿಂದ ನೋಡಿದಳು. ಯಾಕೆಂದು ಕೇಳಲಿಲ್ಲ. ಗಂಡನಿಗೆ ಮಾತ್ರ ಆಮೇಲೂ ಎಷ್ಟೋ ದಿನ, "ಕದ್ದು ತಿಂದಿದ್ದಕ್ಕೆ ಅನುಭವಿಸಿ" ಎಂದು ಬೈಯುತ್ತಲೇ ಇದ್ದಳು.

ಆ ಬಾಟಲಿಗಳು ಹೆಪ್ಪುಗಟ್ಟಿದ್ದವು ಎಂದು ಅವನು ಭಾವನಿಗೆ ಯಾವತ್ತೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ.