ಪೆನ್ನಾಕ್ ಕೊಟ್ಟ ಹಿಟ್ಟು

"ಮಸೂದೆ ವಾಪಸ್ ಬಂತು," ಎನ್ನುತ್ತ ಶಾಸನಸಭೆಯ ಮೆಟ್ಟಿಲಿಳಿದು ಬಂದ ಗಿಲ್‌ಕ್ರಿಸ್ಟ್ ಮುದುಕ ಟೋಪಿಯನ್ನು ತೊಡೆಗೆ ಬಡಿದ. "ಈ ಸೀಮೆ ಆಳೋ ಒಡೆಯರ ಜಮೀನಿಗೂ ಕಂದಾಯ ಬಿದ್ರೇನೇ ಗಡಿ ಕಾವಲಿಗೆ ದುಡ್ಡು ಅಂತಾರೆ ಸಭೆಯೋರು. ಒಡೆಯರ ಜಮೀನು ಮುಟ್ಟಿದ್ರೆ ರುಜು ಹಾಕಲ್ಲ ಅಂತಾನೆ ಗವರ್ನರು. ಗಂಡ-ಹೆಂಡಿರ ಜಗಳದಾಗೆ ಕೂಸು ಬಡವಾಯ್ತು ಅನ್ನಂಗಾತು ನಮ್ ಪಾಡು."

ಇಶ್ಬೆಲ್ ರ‍್ಯಾಂಕಿನ್ ಮೆಟ್ಟಿಲ ಕೆಳಗೆ ಕಾದು ನಿಂತಿದ್ದಳು. ಕೊಯ್ಲಿನ ಹೊತ್ತಿಗೆ ಅವಳ ಗಂಡ ಗಡಿಯ ಹೊಲದಲ್ಲೇ ಕಾಡಿನ ಜನರ ಕೋವಿಗೆ ಬಲಿಯಾಗಿದ್ದ. ಅವಳ ಮನೆಯ ಸುತ್ತ ಮರದ ದಿಮ್ಮಿಗಳನ್ನು ನೆಟ್ಟು ಊರವರು ಕೋಟೆ ಮಾಡಿಕೊಂಡು ಅದರೊಳಗೇ ಬದುಕುತ್ತಿದ್ದರು. ಕೋವಿಗಳಿದ್ದವು, ಮದ್ದು ಮುಗಿಯುತ್ತ ಬಂದಿತ್ತು. ಹೊಲಕ್ಕೆ ಕಾಲಿಡುವಂತಿಲ್ಲದೆ ಹಿಟ್ಟೂ ತಳ ಕಂಡಿತ್ತು. ವಿಧವೆಯ ಕಣ್ಣೀರಿಗಾದರೂ ಸಭೆ ಕರಗೀತೆಂದು ಗಂಡಸರು ಅವಳನ್ನು ಕಳಿಸಿದ್ದರು. ಆದರೆ ಕಣ್ಣೀರು ಬರುತ್ತಿರಲಿಲ್ಲ. ಊಟಕ್ಕೆ ಹೊರಟ ಸದಸ್ಯರು ಅವಳ ಕೆಸರು ಮೆತ್ತಿದ ಲಂಗವನ್ನು ಬಳಸಿಕೊಂಡು ನಡೆದುಹೋದರು.

ಒಬ್ಬ ಮಾತ್ರ ನಿಂತ. ಬೂದು ಕೋಟಿನ ಟೋಬಯಸ್ ಪೆನ್ನಾಕ್. ಯುದ್ಧವೇ ಪಾಪವೆನ್ನುವ ಪಂಥದವನು. ರಾಜನೇ ಎದುರಿಗೆ ಬಂದರೂ ಟೋಪಿ ತೆಗೆಯದೆ ಏಕವಚನದಲ್ಲೇ ಮಾತಾಡಿಸುವ ಜನ ಅವರು.

"ತಂಗಿ, ಮದ್ದಿಗೆ ನಾನು ಕೈಯೆತ್ತಲಾರೆ. ಆ ಕಾಡಿನ ಜನಕ್ಕೆ ಮೋಸ ಮಾಡಿ ನೆಲ ಕಿತ್ತುಕೊಂಡೋರು ನಮ್ಮ ಒಡೆಯರು. ಸಾಯ್ತಿರೋರು ಮಾತ್ರ ಅವರೂ, ನೀವೂ."

"ಸಾಯೋರಿಗೆ ನ್ಯಾಯ ಹೇಳಿ ಏನು ಉಪಯೋಗ ಸ್ವಾಮಿ?"

ಪೆನ್ನಾಕ್ ಒಂದು ಹೆಜ್ಜೆ ಹತ್ತಿರ ಬಂದ. "ನನ್ನದೊಂದು ಗಿರಣಿ ಇದೆ. ಒಂದು ಗಾಡಿ ಹಿಟ್ಟು ಕೊಡ್ತೀನಿ. ಅದನ್ನ ಮದ್ದಿಗೆ ಬದಲಾಯಿಸಲ್ಲ ಅಂತ ಮಾತು ಕೊಡು."

ದೇವರಾಣೆ ಹಾಕಲು ಅವಳು ಕೈಯೆತ್ತಿದಳು. "ಆಣೆ ಬೇಡ," ಎಂದು ಅವನು ತಡೆದ. "ಹೌದು ಅಂದ್ರೆ ಸಾಕು."

"ಹೌದು," ಎಂದಳು.

ದಾರಿಯುದ್ದಕ್ಕೂ ಗಿಲ್‌ಕ್ರಿಸ್ಟ್ ಗೊಣಗಿದ. ನದಿ ದಾಟುವ ಕಡವಿನಲ್ಲಿ ಸ್ಲೋನ್ ಎಂಬ ವ್ಯಾಪಾರಿಯ ಹತ್ತಿರ ಮದ್ದಿದೆ, ದುಡ್ಡಿಗೆ ಕೊಡನು, ಹಿಟ್ಟಿಗಾದರೆ ಕೊಟ್ಟಾನು ಎಂದ. "ಮಾತು ಕೊಟ್ಟಿದೀನಿ," ಎಂದು ಇಶ್ಬೆಲ್ ಅವನ ಬಾಯಿ ಮುಚ್ಚಿಸಿದಳು.

ಕಡವಿಗೆ ಬಂದಾಗ ದೋಣಿಯ ತುಂಬ ಜನ ಈ ದಡಕ್ಕೆ ಇಳಿಯುತ್ತಿದ್ದರು. ಪಕ್ಕದ ಕಣಿವೆಯವರು. ಹೊಗೆ ನಾರುವ ಹಾಸಿಗೆಯನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸೊಬ್ಬಳನ್ನು ಇಶ್ಬೆಲ್ ಗುರುತು ಹಿಡಿದಳು.

"ಊರು?"

"ಎಲ್ಲಿ ಊರು? ಸುಟ್ಟೋಯ್ತು." ಹೆಂಗಸು ಹಾಸಿಗೆಯನ್ನು ಇಳಿಸಲೂ ಇಲ್ಲ. "ಮದ್ದು ಮುಗಿದೋಗಿತ್ತು ಕಣವ್ವ. ನಮ್ಮ ಗಂಡಸ್ರು ಕೋವಿನ ತಿರುಗಿಸಿ ಹಿಡ್ಕಂಡು ದೊಣ್ಣೆ ಬೀಸಿದಂಗೆ ಬೀಸಿದ್ರು. ಎಷ್ಟೊತ್ತು ಬೀಸ್ತಾರೆ?"

ಇಶ್ಬೆಲ್ ಗಾಡಿಯ ಬಳಿಗೆ ನಡೆದಳು. ಅದರ ಹೊದಿಕೆಯ ಹಗ್ಗವನ್ನು ಬಿಚ್ಚತೊಡಗಿದಳು. ಉಗುರು ಹರಿಯಿತು, ನಿಲ್ಲಿಸಲಿಲ್ಲ.

"ಸ್ಲೋನನ್ನ ಕರೀರಿ," ಎಂದಳು.

ಈಗ ಹಿಂಜರಿದವನು ಗಿಲ್‌ಕ್ರಿಸ್ಟ್. "ಅಲ್ಲ ಕಣವ್ವ, ಎಲ್ಲಾ ಕೊಟ್ಬಿಟ್ರೆ ಮಕ್ಳಿಗೇನು ತಿನ್ನುಸ್ತೀಯ?"

"ಬದುಕಿದ್ರೆ ತಾನೇ ತಿನ್ನೋದು?"

ಸ್ಲೋನ್ ಮೂಟೆಯೊಳಗೆ ಕೈಯಿಟ್ಟು ಹಿಟ್ಟನ್ನು ಮೂಸಿದ. "ಗಿರಣಿ ಪೆನ್ನಾಕಂದು. ಒಳ್ಳೇ ಹಿಟ್ಟು," ಎಂದು ನಕ್ಕ. ಅವಳ ಮುಖ ಬಿಸಿಯಾಯಿತು. ಒಂದೇ ಒಂದು ಮೂಟೆ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಇಳಿಸಿದಳು. ಮದ್ದಿನ ಪೀಪಾಯಿಗಳು ಗಾಡಿಗೇರಿದಾಗ ಅವು ಎಷ್ಟು ಸಣ್ಣವೆನ್ನುವುದು ಕಣ್ಣಿಗೆ ಬಿತ್ತು. ಹಿಟ್ಟಿದ್ದ ಜಾಗ ಬಹಳಷ್ಟು ಖಾಲಿಯೇ ಉಳಿಯಿತು.

ಕೋಟೆಯ ಬಾಗಿಲು ತೆರೆದಾಗ ಗಂಡಸರು ಪೀಪಾಯಿಗಳನ್ನು ಕಂಡು ಕೂಗಿಕೊಂಡರು. ಒಬ್ಬ ಅವಳ ಕೈಹಿಡಿದು ಅತ್ತೇಬಿಟ್ಟ. "ಅಂತೂ ಸಭೆ ಕರಗ್ತು!" ಎಂದ. ಹೌದೆನ್ನಲೂ ಇಲ್ಲವೆನ್ನಲೂ ಅವಳಿಂದ ಆಗಲಿಲ್ಲ.

ಹೆಂಗಸರು ಗಾಡಿಯ ಹಿಂಬದಿಗೆ ಬಂದು ಇಣುಕಿದರು. ಹೊದಿಕೆಯನ್ನು ಎತ್ತಿ ಅದರ ಅಡಿಯಲ್ಲೂ ನೋಡಿದರು.

"ಇಷ್ಟೇನಾ?" ಎಂದಳು ಅವಳ ತಂಗಿ ಮೋರಾಗ್.

"ಇಷ್ಟೇ."

ಗಾಡಿ ದೂರದಲ್ಲಿ ಕಂಡಾಗಲೇ ಮೋರಾಗ್ ಅಂಗಳದಲ್ಲಿ ದೊಡ್ಡ ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಿದ್ದಳು. ನೀರು ಆಗಲೇ ಕುದಿಯುತ್ತಿತ್ತು. ಸುತ್ತ ಮಕ್ಕಳು ಮರದ ಬಟ್ಟಲು ಹಿಡಿದು ಸದ್ದಿಲ್ಲದೆ ಕೂತಿದ್ದವು. ಮೋರಾಗ್ ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ಹಿಟ್ಟನ್ನು ನೀರಿಗೆ ಉದುರಿಸಿದಳು. ನೀರಿನ ಬಣ್ಣ ಬದಲಾಗಲಿಲ್ಲ. ಅಕ್ಕನ ಮುಖ ನೋಡಿ, ಇನ್ನರ್ಧ ಹಿಡಿ ತೆಗೆದು, ಬೆರಳ ಸಂದಿಯಲ್ಲಿ ಅಂಟಿದ್ದನ್ನೂ ಹಂಡೆಯ ಮೇಲೆ ಕೊಡವಿ, ಸೌಟಿನಿಂದ ಮೆಲ್ಲಗೆ ತಿರುವತೊಡಗಿದಳು.