ಹನ್ನೊಂದಕ್ಕೆ ಹೋಗುವ ನೆಟ್

ಮುಟ್ಟಳ್ಳಿಯ ದೇವರಾಜ ನಾಯ್ಕನಿಗೆ ಭಟ್ಕಳ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಅವನ ಹೆಂಡತಿ ಗೀತಾಂಜಲಿಗೆ ಮನೆಯಲ್ಲೇ ಕೂತು ಮಾಡುವ ಕೆಲಸ. ಹುಬ್ಬಳ್ಳಿಯ ಒಂದು ಕಂಪನಿ ದಿನಾ ಒಂದಿಷ್ಟು ಧ್ವನಿಮುದ್ರಣಗಳನ್ನು ಕಳಿಸುತ್ತಿತ್ತು. ಯಾರೋ ಯಾರಿಗೋ ಫೋನು ಮಾಡಿ ಮಿಕ್ಸಿ ಕೆಟ್ಟಿದೆಯೆಂದೋ ಪಾರ್ಸೆಲ್ ಬಂದಿಲ್ಲವೆಂದೋ ದೂರು ಹೇಳುವ ಮಾತುಗಳು. ಅವನ್ನು ಕೇಳಿ, ಒಂದಕ್ಷರ ಬಿಡದೆ ಕನ್ನಡದಲ್ಲಿ ಟೈಪು ಮಾಡಿ ಕಳಿಸಬೇಕು. ಕುಮಟಾದಲ್ಲಿ ಬಿ.ಕಾಂ. ಓದುವಾಗ ಕಲಿತ ಟೈಪಿಂಗು ಮದುವೆಯಾದ ನಾಲ್ಕು ವರ್ಷದ ಮೇಲೆ ಉಪಯೋಗಕ್ಕೆ ಬಂತಲ್ಲ ಎಂದು ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಕಂಪ್ಯೂಟರ್ ಕೊಟ್ಟವನು ದೇವರಾಜನೇ. ಯಾರೋ ಗಿರಾಕಿ ಬೇಡವೆಂದು ಬಿಟ್ಟುಹೋದ ಹಳೇ ಡೆಸ್ಕ್‌ಟಾಪು. ವಿಂಡೋಸ್ ಹಾಕಿದರೆ ಏದುಸಿರು ಬಿಡುತ್ತಿದ್ದ ಅದಕ್ಕೆ ಲಿನಕ್ಸ್ ಹಾಕಿ, ಜಗಲಿಯ ಮೋಡೆಮ್ಮಿನಿಂದ ಒಳಕೋಣೆಗೆ ವಾಯರ್ ಎಳೆದು, ಎರಡು ದಿನದಲ್ಲಿ ಸಜ್ಜು ಮಾಡಿಕೊಟ್ಟಿದ್ದ. ಮುಖ್ಯ ಪಾಸ್‌ವರ್ಡ್ ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡ. "ಅದು ನಿಂಗೆ ಬ್ಯಾಡ. ಎಂತದೋ ಒತ್ತಿ ಹಾಳು ಮಾಡ್ತಿ" ಎಂದ. ಅವಳಿಗೂ ಅದು ಸರಿಯೆನಿಸಿತ್ತು.

ಕಂಪನಿಯದ್ದು ಒಂದೇ ಕಟ್ಟುನಿಟ್ಟು. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಕೆಲಸ ಹಂಚುತ್ತಾರೆ. ನೋಂದಾಯಿಸಿದ ಕಂಪ್ಯೂಟರಿನಿಂದಲೇ ಹತ್ತು ನಿಮಿಷದೊಳಗೆ ಅದನ್ನು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಆ ದಿನದ ಪಾಲು ಬೇರೆಯವರಿಗೆ. ಐದು ತಿಂಗಳು ಗೀತಾ ಒಂದು ದಿನವೂ ತಪ್ಪಿಸಿಕೊಂಡಿರಲಿಲ್ಲ.

ಮಳೆ ನಿಂತ ಮೇಲೆ ಒಂದು ಶನಿವಾರ, ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಪಕ್ಕದ ಮನೆ ಮಂಜ ಲ್ಯಾಪ್‌ಟಾಪು ಹಿಡಿದು ಬಂದ. ವೈಫೈ ಹಿಡಿಯುತ್ತಿಲ್ಲ, ದೇವಣ್ಣನಿಗೆ ತೋರಿಸಬೇಕಿತ್ತು ಎಂದ. ದೇವರಾಜ ಅಂಗಡಿಯಲ್ಲಿದ್ದ. ಗೀತಾ ಸುಮ್ಮನೆ ಒಮ್ಮೆ ತೆರೆದು ನೋಡಿದಳು. ವಿಮಾನದ ಚಿತ್ರವಿದ್ದ ಗುಂಡಿ ಯಾವಾಗಲೋ ಕೈತಾಗಿ ಒತ್ತಿಹೋಗಿತ್ತು. ಬಿಡಿಸಿದಳು. ನೆಟ್ ಬಂತು.

"ಇಷ್ಟೇ ಆಗಿತ್ತಾ ಅತ್ತಿಗೆ?" ಎಂದು ಮಂಜ ಬಾಯಿ ಬಿಟ್ಟ.

ಸಂಜೆ ಅದನ್ನು ಗಂಡನಿಗೆ ಹೇಳಿಕೊಂಡು ನಕ್ಕಳು. ಅವನೂ ನಕ್ಕ. "ಹಂಗಾರೆ ನಾ ಇನ್ನು ಅಂಗ್ಡಿ ಬಾಗ್ಲು ಹಾಕೂದೇ ಸೈ" ಎಂದ.

ನೆಟ್ ಹೋಗಲು ಶುರುವಾದದ್ದು ಮುಂದಿನ ವಾರ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಪರದೆಯ ಮೂಲೆಯ ಗುರುತು ಬೂದಿಬಣ್ಣಕ್ಕೆ ತಿರುಗಿತು. ಕೇಬಲ್ ಕಿತ್ತುಹೋಗಿದೆ ಎಂಬ ಸಂದೇಶ. ಓಡಿಹೋಗಿ ಜಗಲಿಯಲ್ಲಿ ನೋಡಿದರೆ ಮೋಡೆಮ್ಮಿನ ಉಳಿದ ದೀಪಗಳೆಲ್ಲ ಉರಿಯುತ್ತಿವೆ, ಅವಳ ಕಂಪ್ಯೂಟರಿನ ವಾಯರ್ ಸಿಕ್ಕಿಸಿದ ತೂತಿನದ್ದು ಮಾತ್ರ ಆರಿದೆ. ವಾಯರ್ ಕಿತ್ತು ಮತ್ತೆ ಸಿಕ್ಕಿಸಿದಳು. ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಹಚ್ಚಿದ ಮೇಲೆ ದೀಪ ಹೊತ್ತಿಕೊಂಡಿತು, ಅವಳು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮತ್ತೆ ಆರಿತು. ಹನ್ನೆರಡಕ್ಕೆ ತಾನಾಗಿಯೇ ಬಂತು. ಅಷ್ಟು ಹೊತ್ತಿಗೆ ಆ ದಿನದ ಕೆಲಸ ಯಾರದೋ ಪಾಲಾಗಿತ್ತು.

ಮರುದಿನವೂ ಹಾಗೇ. ಅದರ ಮರುದಿನವೂ.

ಮೊಬೈಲಿನಲ್ಲಿ ವೈಫೈ ಚೆನ್ನಾಗಿಯೇ ಇತ್ತು. ಹಾಗಾಗಿ ಕಂಪನಿಯ ಹನ್ನೊಂದರ ಆನ್‌ಲೈನ್ ಮೀಟಿಂಗಿಗೆ ಅದರಲ್ಲೇ ಸೇರಿ, ನೆಟ್ ಇಲ್ಲ ಸರ್ ಎಂದಳು. ಕೆಲಸ ಹಂಚುವ ಶ್ರೀಧರ ಸರ್, "ನೆಟ್ ಇಲ್ಲ ಅನ್ನೋದನ್ನ ನೆಟ್ಟಿನಲ್ಲೇ ಹೇಳ್ತಾ ಇದ್ದೀರಲ್ಲ ಮೇಡಂ!" ಎಂದರು. ಇಪ್ಪತ್ತು ಜನ ನಗುವುದು ಒಟ್ಟಿಗೆ ಕೇಳಿಸಿತು.

ದೇವರಾಜ ಬೇಸರ ಮಾಡಿಕೊಳ್ಳದೆ ನೋಡುತ್ತಿದ್ದ. ಭಟ್ಕಳ ಪೇಟೆಯಲ್ಲಿ ಅವನ ಅಂಗಡಿಗೆ ಶುಕ್ರವಾರ ರಜೆ. ಮೊದಲ ಶುಕ್ರವಾರ ವಾಯರನ್ನು ಬೆರಳಲ್ಲಿ ಸವರುತ್ತ ಹೋಗಿ, "ಕಾಣ್ ಇಲ್ಲಿ, ಇಲಿ ಕಡ್ದಿತ್ತು" ಎಂದು ಒಂದು ತರಚು ತೋರಿಸಿದ. ಹೊಸ ವಾಯರ್ ಎಳೆದ. ಅವತ್ತು ಹನ್ನೊಂದಕ್ಕೆ ದೀಪ ಆರಲೇ ಇಲ್ಲ. ಶನಿವಾರ ಆರಿತು. ಎರಡನೆಯ ಶುಕ್ರವಾರ ಉಪ್ಪುಗಾಳಿಗೆ ಮೋಡೆಮ್ಮಿನ ತೂತು ಕಿಲುಬು ಹಿಡಿದಿದೆ ಎಂದು ಬ್ರಷ್ಷಿನಲ್ಲಿ ಉಜ್ಜಿದ. ಅವತ್ತೂ ಸರಿಯಿತ್ತು.

"ನಾ ಮನೇಲಿದ್ರೆ ಅದಕ್ಕೂ ಹೆದ್ರಿಕೆ ಕಾಣ್" ಎಂದು ನಕ್ಕ.

ನಾಲ್ಕನೆಯ ಶುಕ್ರವಾರ ಕಂಪ್ಯೂಟರಿನ ಡಬ್ಬಿ ಬಿಚ್ಚಿ ನೆಟ್‌ವರ್ಕ್ ಕಾರ್ಡನ್ನೇ ಬದಲಿಸಿದ. ಗೀತಾ ಮಂಡಿಯೂರಿ ಕೂತು ಟಾರ್ಚು ಹಿಡಿದಿದ್ದಳು. ಅವನ ಹಣೆಯ ಬೆವರನ್ನು ಸೆರಗಿನಲ್ಲಿ ಒರೆಸಿದಳು. ತನ್ನಿಂದಾಗಿ ಇವರ ರಜೆಯೆಲ್ಲ ಹಾಳಾಯಿತಲ್ಲ ಎನಿಸಿ, ಅವನಿಗೆ ಇಷ್ಟವೆಂದು ಬಂಗಡೆ ಹುರಿಯಲು ಒಳಗೆ ಹೋದಳು. ಅವನು ಇನ್ನೂ ಸ್ವಲ್ಪ ಹೊತ್ತು ಕೀಬೋರ್ಡಿನ ಮುಂದೆ ಕೂತಿದ್ದ. ಊಟಕ್ಕೆ ಬಂದವನು, "ಈಗ ಆತು. ಇನ್ನೂ ಹೋದ್ರೆ ಮಾತ್ರ ನಿನ್ನ ಕೈಗುಣವೇ" ಎಂದ.

ಶನಿವಾರ ನೆಟ್ ಮತ್ತೆ ಹೋಯಿತು.

ಅತ್ತೆ ಗಣಪಿಗೆ ಇದರಿಂದ ತೊಂದರೆಯೇನೂ ಇರಲಿಲ್ಲ. "ನೆಟ್ ಹೋತಲ್ಲ, ಮೀನು ಕೊಯ್ಯುಕೆ ಬಾ" ಎಂದು ಹಿತ್ತಲಿಂದ ಕರೆಯುತ್ತಿದ್ದಳು. ಕೆಲವು ದಿನ ಗೀತಾ ಬಾಯಿಬಿಟ್ಟು ಹೇಳುವ ಮೊದಲೇ ಕರೆದದ್ದಿತ್ತು. ಗಡಿಬಿಡಿಯಲ್ಲಿ ಗೀತಾಗೆ ಅದು ಹೊಳೆದಿರಲಿಲ್ಲ. ತಾನೇ ಏನೋ ತಪ್ಪು ಒತ್ತುತ್ತಿದ್ದೇನೆ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಏನೇನು ಒತ್ತಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದಳು. ಹತ್ತೂವರೆಯಾದರೆ ಮೌಸನ್ನು ಮುಟ್ಟದೆ, ಕೈ ಕಟ್ಟಿಕೊಂಡು, ಮೂಲೆಯ ಗುರುತನ್ನೇ ನೋಡುತ್ತ ಕೂರುವಳು. ಮುಟ್ಟದಿದ್ದರೂ ಅದು ಹೋಗುತ್ತಿತ್ತು.

ಐದನೆಯ ವಾರದ ಬುಧವಾರ ಶ್ರೀಧರ ಸರ್ ಇನ್ನೊಂದು ಸಲ ತಪ್ಪಿದರೆ ಹೆಸರು ತೆಗೆಯುತ್ತೇವೆ ಎಂದರು. ಈ ಸಲ ಯಾರೂ ನಗಲಿಲ್ಲ.

ಅವತ್ತು ಮಧ್ಯಾಹ್ನ ರಂಜಿತಾ ಫೋನು ಮಾಡಿದಳು. ಅವಳೂ ಅದೇ ಕೆಲಸದವಳು, ಹೊನ್ನಾವರದಲ್ಲಿ ಮನೆ, ಕಂಪ್ಯೂಟರ್ ಓದಿದವಳು. ಗೀತಾ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಿದಳು. ರಂಜಿತಾ ಪೂರ್ತಿ ಕೇಳಿಸಿಕೊಂಡಳು.

"ದಿನಾ ಒಂದೇ ಹೊತ್ತಿಗೆ ಹೋತದೆ, ಒಂದೇ ಹೊತ್ತಿಗೆ ಬತ್ತದೆ. ಶುಕ್ರವಾರ ಮಾತ್ರ ಹೋಗೂದಿಲ್ಲ. ಅಲ್ದಾ?"

"ಹೌದು."

"ಹಂಗಾರೆ ಇಲಿಯೂ ಅಲ್ಲ, ಉಪ್ಪುಗಾಳಿಯೂ ಅಲ್ಲ ಮಾರಾಯ್ತಿ. ಇಲಿ ಗಡಿಯಾರ ನೋಡ್ಕಂಡು ಬತ್ತದಾ? ಹೊತ್ತಿಗೆ ಸರಿಯಾಗಿ ಇಂತಾ ಕೆಲ್ಸ ಮಾಡು ಅಂತ ಲಿನಕ್ಸಲ್ಲಿ ಬರ್ದಿಡುಕೆ ಆತದೆ. ಕ್ರಾನ್ ಅಂತಾರೆ. ನಾಳೆ ಬೆಳಿಗ್ಗೆ ಅದನ್ನ ನೋಡುವ."

"ಪಾಸ್‌ವರ್ಡ್ ಇವ್ರ ಹತ್ರ ಇದೆ."

"ಬೇಕಾಗಿಲ್ಲ. ರಿಪೇರಿಗೇ ಅಂತ ಬೇರೆ ದಾರಿ ಇದೆ."

ಗುರುವಾರ ದೇವರಾಜನ ಸ್ಕೂಟರ್ ತಿರುವು ದಾಟಿದ ಮೇಲೆ ಗೀತಾ ಕಂಪ್ಯೂಟರಿನ ಮುಂದೆ ಕೂತಳು. ರಂಜಿತಾ ಫೋನಿನಲ್ಲಿ ಹೇಳಿದಂತೆ, ಯಂತ್ರ ಶುರುವಾಗುವಾಗ ಒಂದು ಗುಂಡಿ ಒತ್ತಿ ಹಿಡಿದಳು. ದುರಸ್ತಿಯ ಪಟ್ಟಿ ಬಂತು. ಪಾಸ್‌ವರ್ಡ್ ಕೇಳದೆ ಕಪ್ಪು ಪರದೆ ತೆರೆದುಕೊಂಡಿತು. ಒಂದೊಂದೇ ಅಕ್ಷರ ಕೇಳಿ ಕೇಳಿ ಒತ್ತಿದಳು. ಕ್ರಾನಿನ ಕಡತಗಳ ಪಟ್ಟಿ ಮೂಡಿತು.

"ಎಂತೆಂತ ಇದೆ ಓದು" ಎಂದಳು ರಂಜಿತಾ.

ಗೀತಾ ಓದಲಿಲ್ಲ. ನಾಲ್ಕು ಹೆಸರುಗಳಲ್ಲಿ ಒಂದು ಅವಳದೇ. ಐದು ಇಂಗ್ಲಿಷ್ ಅಕ್ಷರಗಳಲ್ಲಿ ಗೀತಾ ಎಂದಿತ್ತು.

ತೆರೆದರೆ ಒಳಗೆ ಮೂರೇ ಸಾಲು. ಹತ್ತು ಐವತ್ತೈದರಿಂದ ನಿಮಿಷಕ್ಕೊಮ್ಮೆ ನೆಟ್‌ವರ್ಕ್ ಕಾರ್ಡನ್ನು ಆರಿಸು, ಹನ್ನೊಂದರಿಂದ ಹನ್ನೆರಡರವರೆಗೂ ಹಾಗೆಯೇ ಆರಿಸುತ್ತಿರು, ಹನ್ನೆರಡಕ್ಕೆ ಹಚ್ಚು. ವಾರದ ದಿನಗಳ ಅಂಕಿಗಳಲ್ಲಿ ಶುಕ್ರವಾರದ್ದನ್ನು ಬಿಡಲಾಗಿತ್ತು, ಕಂಪನಿಗೆ ರಜೆಯೆಂದು ಭಾನುವಾರವನ್ನೂ. ಕೊನೆಯ ಸಲ ತಿದ್ದಿದ್ದು ಯಾವಾಗ ಎಂದು ನೋಡಲು ರಂಜಿತಾ ಹೇಳಿಕೊಟ್ಟಳು. ಹೊಸ ಕಾರ್ಡು ಹಾಕಿದ ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಕಾರ್ಡು ಬದಲಾದರೆ ಅದರ ಹೆಸರೂ ಬದಲಾಗುತ್ತದೆ, ಅದಕ್ಕೇ ತಿದ್ದಬೇಕಾಗಿರಬೇಕು ಎಂದಳು ರಂಜಿತಾ. ಆ ಹೊತ್ತಿಗೆ ತಾನು ಅಡುಗೆಮನೆಯಲ್ಲಿ ಬಂಗಡೆ ಮಗುಚುತ್ತಿದ್ದದ್ದು ಗೀತಾಗೆ ನೆನಪಿತ್ತು.

"ಯಾರು ಮಾಡ್ದದ್ದು ಗೀತಾ?" ಎಂದು ರಂಜಿತಾ ಮೆಲ್ಲಗೆ ಕೇಳಿದಳು. ಉತ್ತರ ಗೊತ್ತಿದ್ದೇ ಕೇಳಿದಂತಿತ್ತು.

"ಮತ್ತೆ ಮಾಡ್ತೆ" ಎಂದು ಗೀತಾ ಫೋನ್ ಇಟ್ಟಳು.

ಕಡತವನ್ನು ಅಳಿಸಿ, ಯಂತ್ರವನ್ನು ಎಂದಿನಂತೆ ಹಚ್ಚಿದಳು. ಹತ್ತು ಐವತ್ತೈದಾಯಿತು. ದೀಪ ಉರಿಯುತ್ತಲೇ ಇತ್ತು. ಹನ್ನೊಂದಕ್ಕೆ ಕಂಪನಿಯ ಪುಟ ತೆರೆದು ಹೆಸರು, ಗುಪ್ತಪದ ಒತ್ತಿದಳು. ಈ ಖಾತೆ ಮುಚ್ಚಲಾಗಿದೆ ಎಂದು ಬಂತು. ತಪ್ಪು ಒತ್ತಿದೆನೇನೋ ಎಂದು ಇನ್ನೆರಡು ಸಲ ಒತ್ತಿದಳು. ನೆಟ್ಟಿಗೆ ಏನೂ ಆಗಿರಲಿಲ್ಲ, ಪುಟ ಪ್ರತಿ ಸಲವೂ ಚಕ್ಕನೆ ತೆರೆಯಿತು.

ಶ್ರೀಧರ ಸರ್‌ಗೆ ಫೋನು ಮಾಡಿದಳು.

"ನಿನ್ನೆ ಸಂಜೆ ನಿಮ್ಮ ಮನೆಯವರೇ ಫೋನ್ ಮಾಡಿದ್ರಲ್ಲ ಮೇಡಂ? ಅವಳ ಕೈಲಿ ಆಗೋದಿಲ್ಲ, ಹೇಳೋದಕ್ಕೆ ನಾಚಿಕೊಂಡಿದ್ದಾಳೆ, ಬಿಡಿಸಿಬಿಡಿ ಅಂದ್ರು. ಭಾಳ ಮರ್ಯಾದಸ್ಥರು. ನಿಮ್ಮ ಜಾಗಕ್ಕೆ ಬೆಳಿಗ್ಗೇನೇ ಬೇರೆಯವರನ್ನ ತಗೊಂಡಾಯ್ತು."

ಹಿತ್ತಲಲ್ಲಿ ಗಣಪಿ ತೆಂಗಿನ ಗರಿ ಸೀಳುತ್ತಿದ್ದಳು. ಗೀತಾ ಹೋಗಿ ಎದುರಿಗೆ ನಿಂತಳು.

"ಅತ್ತೆ, ನೆಟ್ ಹೋಗೂದು ಹೆಂಗೆ ಅಂತ ನಿಮ್ಗೆ ಗೊತ್ತಿತ್ತಾ?"

ಗಣಪಿ ಕತ್ತಿಯಿಂದ ಕಣ್ಣೆತ್ತಲಿಲ್ಲ. "ನಂಗೆಂತ ಗೊತ್ತು ಆ ಮಷಿನ್ನಿನ ಸುದ್ದಿ. ಹನ್ನೊಂದಕ್ಕೆ ಅವ್ಳು ಎದ್ದು ಬತ್ತಾಳೆ, ಕೆಲ್ಸಕ್ಕೆ ಕರಿ ಅಂತ ದೇವು ಹೇಳಿದ್ದ. ಒಳ್ಳೇದೇ ಆತಲ್ಲ ಅಂದೆ." ಇನ್ನೊಂದು ಗರಿ ಎಳೆದುಕೊಂಡು, "ನೀ ಅಳ್ತಿ ಅಂತೂ ಹೇಳಿದ್ದ. ಎರಡು ದಿನ ಅತ್ತು ಸರಿ ಆತಾಳೆ ಅಂದಿದ್ದ" ಎಂದಳು.

ಗೀತಾ ಅಳಲಿಲ್ಲ. ಸೀರೆ ಬದಲಿಸಿ, ಓದಿದ ಪ್ರಮಾಣಪತ್ರಗಳಿದ್ದ ಚೀಲ ತೆಗೆದುಕೊಂಡು, ಸಿಕ್ಕಿದ ರಿಕ್ಷಾ ಹತ್ತಿ ಭಟ್ಕಳಕ್ಕೆ ಬಂದಳು.

ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ದೇವರಾಜ ಒಂದು ಪ್ರಿಂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಹೆಂಡತಿಯನ್ನು ಕಂಡು, "ಎಂತ ಆತು? ಮತ್ತೆ ಹೋತಾ?" ಎಂದ.

"ಹೋಗ್ಲಿಲ್ಲ. ನನ್ನ ಹೆಸ್ರಲ್ಲಿ ಬರ್ದಿಟ್ಟಿದ್ರಲ್ಲ, ಅದನ್ನ ಅಳಿಸ್ದೆ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದ. ಮುಖದಲ್ಲಿ ನಾಚಿಕೆಯಿರಲಿಲ್ಲ, ಸಿಟ್ಟೂ ಇರಲಿಲ್ಲ.

"ಹುಡುಕಿದ್ಯಾ ಹಂಗಾರೆ! ಎಷ್ಟು ದಿನ ಬೇಕಾತು?"

"ಐದು ವಾರ."

"ನಾ ಆದ್ರೆ ಐದು ನಿಮಿಷ" ಎಂದ ಅವನು, ಗಿರಾಕಿಗಳ ಕಡೆ ತಿರುಗಿ.

ಏನದು ಎಂದು ಅವರು ಕೇಳಿದರು. ಗೀತಾ ಬಾಯಿ ತೆರೆಯುವ ಮೊದಲೇ ಅವನು ಶುರುಮಾಡಿದ. ಕಾರ್ಡು ಆರಿಸಿದ್ದು, ಇಲಿ ತೋರಿಸಿದ್ದು, ತಾನೇ ವಾಯರ್ ಬದಲಿಸಿದ್ದು, ಇವಳು ಟಾರ್ಚು ಹಿಡಿದದ್ದು, ನೋಟ್‌ಬುಕ್ಕು ಬರೆದದ್ದು, ಒಂದನ್ನೂ ಬಿಡದೆ ಹೇಳಿದ. ಚೆನ್ನಾಗಿಯೇ ಹೇಳಿದ. ಕೌಂಟರಿಗೆ ಒರಗಿದ್ದ ವಯಸ್ಸಾದವರೊಬ್ಬರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಭಾರೀ ಜನ ನೀನು ದೇವರಾಜ. ಪಾಪ, ಹೆಂಡ್ತಿನ ಹಿಂಗೆಲ್ಲ ಆಟ ಆಡಿಸ್ತಾರಾ!" ಎಂದರು. ಉಳಿದಿಬ್ಬರೂ ನಗುತ್ತಿದ್ದರು. ಅವರಲ್ಲಿ ಒಬ್ಬಳು ಹೆಂಗಸು.

"ನನ್ನ ಕೆಲ್ಸ ಹೋತು" ಎಂದಳು ಗೀತಾ.

ನಗು ಸ್ವಲ್ಪ ತಗ್ಗಿತು. ದೇವರಾಜ ಮುಂದೆ ಬಾಗಿ, ಅವಳಿಗಷ್ಟೇ ಕೇಳುವಂತೆ ಹೇಳಿದ: "ಇದೇ ಜಾಗದಲ್ಲಿ ನಿಂತು ಮಂಜ ಎಂತ ಹೇಳ್ದ ಗೊತ್ತಾ? ಆರು ಜನ್ರ ಎದ್ರಿಗೆ? ದೇವಣ್ಣ, ನಿನ್ಗಿಂತ ಅತ್ತಿಗೆನೇ ಅಡ್ಡಿಲ್ಲ, ಇನ್ನು ನಾ ಸೀದಾ ಮನೆಗೇ ಹೋತೆ ಅಂದ. ಅವತ್ತೂ ಎಲ್ರೂ ನಗಾಡಿದ್ರು. ನಾ ತಡ್ಕಂಡೆ. ನೀನೂ ತಡ್ಕೊ."

"ಅಷ್ಟಕ್ಕೇ?"

"ಅಷ್ಟಕ್ಕೇ" ಎಂದು ಅವನು ಪ್ರಿಂಟರಿನ ಕಡೆ ತಿರುಗಿದ. "ಮನೆಗೆ ಹೋಗು. ಸಂಜೆ ಬತ್ತಾ ನಿಂಗೆ ಎಂತಾರು ತಕ್ಕಂಡು ಬತ್ತೆ."

ಗೀತಾ ಹೊರಗೆ ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಾವರದ ಕಡೆಯ ಬಸ್ಸು ಹೊರಡಲು ನಿಂತಿತ್ತು. ಹತ್ತಿದಳು. ಕಂಡಕ್ಟರ್ ಎಲ್ಲಿಗೆ ಎಂದಾಗ ಆಧಾರ್ ಕಾರ್ಡು ತೋರಿಸಿ ಹೊನ್ನಾವರ ಎಂದಳು. ರಂಜಿತಾಗೆ ಹೇಳಿರಲಿಲ್ಲ. ಅವಳ ಮನೆಯಲ್ಲಿ ಎಷ್ಟು ದಿನ ಇಟ್ಟುಕೊಂಡಾರು, ತನಗೆ ಇನ್ಯಾವ ಕೆಲಸ ಸಿಕ್ಕೀತು, ಒಂದೂ ಗೊತ್ತಿರಲಿಲ್ಲ. ತವರಿಗೆ ಫೋನು ಮಾಡಿದರೆ ಅವರೂ ಮೊದಲು ನಗುತ್ತಾರೆ ಎಂಬುದು ಮಾತ್ರ ಖಂಡಿತವಾಗಿ ಗೊತ್ತಿತ್ತು.

ಬಸ್ಸು ಮಂಕಿ ಊರು ದಾಟುವಾಗ ಫೋನು ಬಂತು. ಗಣಪಿ.

"ಎಲ್ಲಿ ಇದ್ದಿ? ರಾತ್ರಿಗೆ ಅಕ್ಕಿ ಎಷ್ಟು ಹಾಕೂದು?"

"ಇಬ್ರಿಗೆ ಹಾಕಿ" ಎಂದು ಗೀತಾ ಫೋನ್ ಕಟ್ಟು ಮಾಡಿದಳು.

ಮುದುಕಿಗೆ ಅರ್ಥವಾಗಲಿಲ್ಲವೋ ಏನೋ, ಮತ್ತೆ ಮತ್ತೆ ಮಾಡಿದಳು. ಕಾಸರಕೋಡ ಬಂತು, ಒಣಮೀನಿನ ವಾಸನೆ ಬಸ್ಸಿನೊಳಗೆಲ್ಲ ತುಂಬಿತು. ಪಕ್ಕದಲ್ಲಿ ಕೂತವಳು, ಫೋನ್ ಎತ್ತಿ, ಇಲ್ಲ ಆರಿಸಿ ಎಂದು ಸಿಡುಕಿದಳು. ಗೀತಾ ಆರಿಸಿದಳು.