ನೀರುನಾಯಿಗಳ ಕೊನೆಯ ಗೆಲುವು

ಮಿನೆಸೋಟದ ಉತ್ತರದ ತುದಿಯಲ್ಲಿರುವ ಎಲ್ಕ್ ನ್ಯಾರೋಸ್‌ನಲ್ಲಿ ಆಟವೆಂದರೆ ಐಸ್ ಹಾಕಿ, ಮಿಕ್ಕಿದ್ದೆಲ್ಲ ಕಾಲಹರಣ. ಅಂಥ ಊರಿನಲ್ಲಿ ೧೯೮೩ರ ನವೆಂಬರಿನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ತಂಡ ಹುಟ್ಟಿತು. ಹೆಸರು ‘ನೀರುನಾಯಿಗಳು’. ಪುಟ್ಟ ಲೀಗು, ಅದರಲ್ಲೂ ಕೊನೆಯ ಸ್ಥಾನ.

ಹೈಸ್ಕೂಲಿನ ಭೌತಶಾಸ್ತ್ರದ ಮೇಷ್ಟ್ರು ವೆಂಡೆಲ್ ಟೋರ್ಸನ್ ಪಂದ್ಯಗಳ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವರಿಗೆ ಆ ತಂಡದ ಮೇಲೆ ಪ್ರಾಣ. ಮಾರ್ಚಿನಲ್ಲಿ ಲೀಗಿನಿಂದ ಕಾಗದ ಬಂತು: ಕೊನೆಯ ಪಂದ್ಯಕ್ಕೆ ಎರಡು ಸಾವಿರ ಜನ ಸೇರಿದರೆ ತಂಡ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಮಾಮೂಲಿಗೆ ಇನ್ನೂರು ಜನ ಬಂದರೆ ಹೆಚ್ಚು. ವೆಂಡೆಲ್ ಚರ್ಚು, ಕ್ಷೌರದಂಗಡಿ, ಮನೆಮನೆ ಸುತ್ತಿದರು.

ಜನ ಬಂದರು. ಕೂರಲು ಜಾಗವಿಲ್ಲದಷ್ಟು ಬಂದರು. ತೊಂದರೆ ಶುರುವಾದದ್ದೇ ಅಲ್ಲಿಂದ.

ಪಂದ್ಯ ನಡೆಯುತ್ತಿದ್ದದ್ದು ಊರಿನ ಐಸ್ ಹಾಕಿ ಒಳಾಂಗಣದಲ್ಲಿ. ಹಾಕಿಯವರು ಐಸ್ ಕರಗಿಸಲು ಒಪ್ಪದ್ದರಿಂದ ಅದರ ಮೇಲೆಯೇ ಹಲಗೆ ಹಾಸಿ ಆಡುವುದು ರೂಢಿ. ಇನ್ನೂರು ಜನರ ಉಸಿರನ್ನು ತಡೆದುಕೊಂಡಿದ್ದ ತಣ್ಣನೆಯ ಹಲಗೆ, ಎರಡು ಸಾವಿರ ಜನರ ಉಸಿರಿಗೆ ಬೆವತುಹೋಯಿತು. ಆಟಗಾರರು ಒಬ್ಬರ ಹಿಂದೊಬ್ಬರು ಜಾರಿ ಬಿದ್ದರು.

“ಮೇಷ್ಟ್ರೇ, ಇದೇನು ಅಂಗಳವೋ, ಸೋಪು ಚೆಲ್ಲಿದ ಬಚ್ಚಲೋ?” ಎಂದ ದಕ್ಷಿಣದ ಬಿಸಿಲ ನಾಡು ಅಲಬಾಮದಿಂದ ಬಂದಿದ್ದ ಎದುರಾಳಿ ತಂಡದ ಕೋಚ್ ಡೂಲಿ.

“ನನ್ನ ಐಸ್ ಸರಿಯಾಗೇ ಇದೆ,” ಎಂದ ಐಸ್ ನೋಡಿಕೊಳ್ಳುವ ರೂಡಿ. “ಅದರ ಮೇಲೆ ಕಟ್ಟಿಗೆ ಹಾಸಿದ್ದು ನಿಮ್ಮ ಬುದ್ಧಿ.”

ವೆಂಡೆಲ್ ಯೋಚಿಸಿದರು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಒಣ ಗಾಳಿ. ದೊಡ್ಡ ಬಾಗಿಲು ತೆರೆದರೆ ಹಲಗೆ ಒಣಗುತ್ತದೆ. ಜನ ಎದ್ದು ಹೋದರೆ ಎಂಬುದೊಂದೇ ಭಯ. ತೆರೆಸಿಯೇಬಿಟ್ಟರು.

ಒಬ್ಬರೂ ಏಳಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಕಂಬಳಿ ಹೊದ್ದರು. “ಈಗ ಸ್ವಲ್ಪ ಹಾಯೆನಿಸ್ತು,” ಎಂದರು ಮುಂದಿನ ಸಾಲಿನ ಹಾಲ್ವರ್ಸನ್ ಅಜ್ಜಿ.

ಇಪ್ಪತ್ತು ನಿಮಿಷದಲ್ಲಿ ನೆಲ ಒಣಗಿತು. ವೆಂಡೆಲ್ ಹಿಗ್ಗಿ ತಲೆಯೆತ್ತಿದರೆ ಎದುರಾಳಿಗಳ ಬೆಂಚು ಖಾಲಿ. ಅವರೆಲ್ಲ ಬಸ್ಸಿನೊಳಗೆ ಹೀಟರ್ ಹಾಕಿಕೊಂಡು ಕೂತಿದ್ದರು. ಊರಿನವರಿಗೆ ಚಳಿಯಾದೀತೇ ಎಂದು ಅಳೆದು ತೂಗಿದ್ದ ಮೇಷ್ಟ್ರಿಗೆ ಅಲಬಾಮದವರ ನೆನಪೇ ಆಗಿರಲಿಲ್ಲ.

ವೆಂಡೆಲ್ ಹೋಗಿ ಬಸ್ಸಿನ ಕಿಟಕಿ ಬಡಿದಾಗ ಡೂಲಿ ಗಾಜನ್ನು ಎರಡು ಬೆರಳಷ್ಟು ಸರಿಸಿದ. “ಬಾಗಿಲು ಮುಚ್ಚಿಸಿ, ಬರ್ತೀವಿ.”

“ಮುಚ್ಚಿದ್ರೆ ನೆಲ ಒದ್ದೆ ಆಗುತ್ತಪ್ಪ.”

“ಹಾಗಾದ್ರೆ ಜನಾನ ಮನೆಗೆ ಕಳಿಸಿ.”

“ಅವರನ್ನ ಕಳಿಸಿದ್ರೆ ನಮ್ಮ ತಂಡಾನೇ ಇರಲ್ಲ.”

“ನಮ್ಮ ಹುಡುಗ್ರು ಸತ್ರೆ ನಮ್ಮದೂ ಇರಲ್ಲ, ಮೇಷ್ಟ್ರೇ.” ಕಿಟಕಿ ಮುಚ್ಚಿತು.

ಲೀಗಿನ ಪ್ರತಿನಿಧಿ ನಿಯಮದ ಪುಸ್ತಕ ತಿರುವಿದ. “ಎದುರಾಳಿ ಆಡಲಿಲ್ಲ, ಗೆಲುವು ನಿಮ್ಮದು. ಆದ್ರೆ ಆಡದ ಪಂದ್ಯಕ್ಕೆ ಬಂದ ಜನ ಲೆಕ್ಕಕ್ಕಿಲ್ಲ.”

ತಂಡ ಮುಗಿಯಿತು. ಆದರೆ ಜನ ಕೂತೇ ಇದ್ದರು. ಕಡೆಗೆ ಹತ್ತು ನೀರುನಾಯಿಗಳು ಉಣ್ಣೆಯ ಟೋಪಿ ಹಾಕಿಕೊಂಡು ಐದೈದಾಗಿ ಹಂಚಿಕೊಂಡು ತಮ್ಮತಮ್ಮಲ್ಲೇ ಆಡಿದರು. ವೆಂಡೆಲ್ ಒಂದು ಸೆಕೆಂಡೂ ತಪ್ಪದಂತೆ ಗಡಿಯಾರ ನಡೆಸಿದರು. ದಪ್ಪ ಕೈಗವಸಿನ ಚಪ್ಪಾಳೆ, ಹಾಸಿಗೆಯ ಧೂಳು ಕೊಡವಿದ ಹಾಗೆ.

“ಪರವಾಗಿಲ್ಲ ಮೇಷ್ಟ್ರೇ, ಚೆನ್ನಾಗೇ ಇದೆ ಈ ಆಟ,” ಎಂದರು ಅಜ್ಜಿ ಹೊರಡುವಾಗ. “ಮುಂದಿನದು ಯಾವಾಗ?”

“ಇದೇ ಕೊನೆ ಅಜ್ಜಿ.”

“ಅಯ್ಯೋ, ಮೊದಲೇ ಒಂದು ಮಾತು ಹೇಳಬಾರದಿತ್ತಾ? ಚಳಿಗಾಲದುದ್ದಕ್ಕೂ ಬರ್ತಿದ್ದೆ.”

ನವೆಂಬರಿನಿಂದ ಒಂಬತ್ತು ಸಲ ವೆಂಡೆಲ್ ಅದನ್ನೇ ಹೇಳಲು ಅಜ್ಜಿಯ ಮನೆಗೆ ಹೋಗಿ, ಒಂಬತ್ತು ಸಲವೂ ಆಟಕ್ಕೆ ಕರೆದು, ಕಾಫಿ ಕುಡಿದು ಬಂದಿದ್ದರು.

“ತಪ್ಪು ನಂದೇ ಅಜ್ಜಿ,” ಎಂದರು.

ಅವರ ಬೆನ್ನ ಹಿಂದೆ ರೂಡಿ ಆಗಲೇ ಹಲಗೆ ಎತ್ತತೊಡಗಿದ್ದ.